ಮಸೂತಿಯ ಹೊಲದಲ್ಲಿ ಮಗುಚಿದ ಲಾರಿ

೧೯೬೧ರ ಮಳೆಗಾಲ ಮುಗಿಯುತ್ತ ಬಂದಿತ್ತು. ಲಾರಿ ಮಗುಚಿದ ಸುದ್ದಿ ಮುಟ್ಟಿದಾಗ ಅಖ್ತರಬೇಗಂ ಬಸವನ ಬಾಗೇವಾಡಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಎದ್ದಳು. ಗಂಡ ತೀರಿಕೊಂಡ ಮೇಲೆ ಆ ಒಂದು ಲಾರಿಯೇ ಮನೆ ನಡೆಸುತ್ತಿತ್ತು. ಗಂಡನ ಕಾಲದಿಂದಲೂ ಖಾಜಾಸಾಬನೇ ಅದರ ಡ್ರೈವರ್. ಹಿಂದಿನ ದಿನವಷ್ಟೇ ಶ್ರೀಶೈಲಪ್ಪನ ಗ್ಯಾರೇಜಿನಲ್ಲಿ ಅದರ ಬ್ರೇಕು ರಿಪೇರಿಯಾಗಿತ್ತು.

ಮಸೂತಿ ಎಂಬ ಹಳ್ಳಿಯ ಹತ್ತಿರದ ಇಳಿಜಾರಿನಲ್ಲಿ ಬ್ರೇಕು ಹಿಡಿದಿರಲಿಲ್ಲ. ಎದುರಿಗೆ ಕಳೆ ತೆಗೆದು ಮರಳುತ್ತಿದ್ದ ಹೆಂಗಸರು. ಖಾಜಾಸಾಬ ಲಾರಿಯನ್ನು ಹೊಲಕ್ಕೆ ತಿರುಗಿಸಿಬಿಟ್ಟ. ಹೆಂಗಸರು ಉಳಿದರು, ಅವನ ಬಲಗೈ ಮುರಿಯಿತು. ಪೊಲೀಸರು ದವಾಖಾನೆಗೇ ಬಂದು, ಅಡ್ಡಾದಿಡ್ಡಿ ಓಡಿಸಿದನೆಂದು ಅವನ ಮೇಲೆ ಕೇಸು ಹಾಕಿದರು.

"ಪೆಡಲ್ ನೆಲಕ್ಕ ಹತ್ತೂತನಕ ತುಳದೇನಿ ಭಾಬಿ, ಗಾಡಿ ನಿಲ್ಲಲಿಲ್ರಿ," ಎಂದನು ಅವನು, ದವಾಖಾನೆಗೆ ಓಡಿಬಂದ ಅಖ್ತರಬೇಗಂಗೆ.

ಅಲ್ಲಿಂದ ಅವಳು ಹೊಲಕ್ಕೆ ಹೋದಾಗ ಶ್ರೀಶೈಲಪ್ಪನ ಆಳುಗಳು ಆಗಲೇ ಲಾರಿಗೆ ಹಗ್ಗ ಕಟ್ಟುತ್ತಿದ್ದರು.

"ಆಗಿದ್ದು ಆಗಿ ಹೋತು ತಂಗಿ. ಎಳಕೊಂಡು ಹೋಗಿ ಪುಕ್ಕಟ ರಿಪೇರಿ ಮಾಡಿ ಕೊಡ್ತೇನಿ," ಎಂದ ಶ್ರೀಶೈಲಪ್ಪ.

ಅವಳು ಹೂಂ ಎನ್ನುವವಳೇ ಇದ್ದಳು. ಅಷ್ಟರಲ್ಲಿ ಏನೋ ಚುಚ್ಚಿದಂತಾಯಿತು. "ಖಾಜಾಸಾಬನ ಕೇಸಿಂದು ಹೆಂಗ್ರಿ?"

"ಗಾಡಿ ನನ್ನ ಗೇಟ ದಾಟಿದ ಮ್ಯಾಲ ಜವಾಬ್ದಾರಿ ಡ್ರೈವರಂದು."

"ಹಂಗಾರ ಹಗ್ಗ ಬಿಚ್ಚಸ್ರಿ. ಬಿಜಾಪುರದ ಮೋಟಾರ್ ಇನ್ಸ್‌ಪೆಕ್ಟರ್ ಬಂದು ಬ್ರೇಕು ನೋಡೂತನಕ ಗಾಡಿ ಯಾರೂ ಮುಟ್ಟಬ್ಯಾಡ್ರಿ."

"ನಿನ್ನ ಗಂಡ ಇದ್ದಿದ್ರ ಹಿಂಗ ಮಾತಾಡತಿರಲಿಲ್ಲ."

"ಅವ್ರು ಇದ್ದಿದ್ರ ನಿಮಗ ಹಗ್ಗ ಕಟ್ಟಾಕೂ ಬಿಡತಿರಲಿಲ್ಲ."

ಅವನು ಹಗ್ಗ ಬಿಚ್ಚಿಸಿಕೊಂಡು ಹೋದ. ಹೇಳಿ ಕಳಿಸಿ ದಿನಗಳಾದರೂ ಇನ್ಸ್‌ಪೆಕ್ಟರ್ ಮಾತ್ರ ಬರಲಿಲ್ಲ. ಅಖ್ತರಬೇಗಂ ಹೊಲದಲ್ಲೇ ಕಾವಲು ಕೂತಳು. ಕಳೆ ತೆಗೆಯುವ ಚನ್ನವ್ವ, ಅಂದು ಲಾರಿಯ ಎದುರಿಗಿದ್ದವಳು, ಮಜ್ಜಿಗೆ ತಂದುಕೊಟ್ಟು ಜೊತೆಗಿರುತ್ತಿದ್ದಳು. ದೂರದಲ್ಲಿ ಯಾವುದೇ ಗಾಡಿಯ ಸದ್ದಾದರೂ ಅಖ್ತರಬೇಗಂ ಎದ್ದು ನಿಲ್ಲುವಳು. ಲಾರಿಯ ಸುತ್ತ ತಿರುಗುವಳು, ಮತ್ತೆ ಕೂರುವಳು.

"ಬ್ರೇಕು ಚಲೋನ ಇದ್ರ? ಖಾಜಾಸಾಬಂದ ತಪ್ಪಿದ್ರ? ಅವ ಜೇಲಿಗೆ, ನಾ ಬೀದಿಗೆ," ಎಂದಳು ಒಮ್ಮೆ.

"ಅಂವ ನಮ್ಮನ್ನ ನೋಡಿ ಗಾಡಿ ತಿರುಗಿಸಿದ್ದು ನಾ ಕಂಡೇನಿ. ಬ್ರೇಕಿಂದು ನನಗ ಗೊತ್ತಿಲ್ಲವ್ವಾ," ಎಂದಳು ಚನ್ನವ್ವ. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಕೊನೆಗೆ ಇನ್ಸ್‌ಪೆಕ್ಟರ್ ಬಂದು ಲಾರಿಯಡಿ ತೂರಿದ. ಅವನು ಹೊರಬರುವವರೆಗೆ ಅಖ್ತರಬೇಗಂ ಸೆರಗಿನ ತುದಿಯನ್ನು ಹಿಂಡುತ್ತಲೇ ಇದ್ದಳು.

"ಬ್ರೇಕಿನ ಎಣ್ಣಿ ಪೈಪಿನ ನಟ್ಟು ಬಿಗದೇ ಇಲ್ಲ. ಎಣ್ಣಿಯೆಲ್ಲಾ ಸೋರಿ ಹೋಗೇತಿ. ಇದು ಗಾಡಿ ಬಿದ್ದ ಪೆಟ್ಟಿನಿಂದ ಆಗಿದ್ದಲ್ಲ," ಎಂದ. ಅದನ್ನು ಕಾಗದದ ಮೇಲೆ ಬರೆದುಕೊಡಿರೆಂದು ಅವಳು ಕೇಳಿದಳು.

ಖಾಜಾಸಾಬನ ಮೇಲಿನ ಕೇಸು ಬಿದ್ದುಹೋಯಿತು. ಅವಳು ಹೂಡಿದ ದಾವೆಯಲ್ಲಿ ಶ್ರೀಶೈಲಪ್ಪ, ಕೆಲಸ ಮಾಡಿದವರು ಆಳುಗಳು, ತಾನಲ್ಲ ಎಂದು ವಾದಿಸಿದ. ರಿಪೇರಿಗೆಂದು ಗಾಡಿ ಒಪ್ಪಿಕೊಂಡವನು ಅದನ್ನು ಓಡಿಸಲು ಯೋಗ್ಯವಾಗಿ ಮರಳಿಸಬೇಕು, ಆಳಿನ ತಪ್ಪಿಗೂ ಗ್ಯಾರೇಜಿನ ಒಡೆಯನೇ ಹೊಣೆ ಎಂದರು ನ್ಯಾಯಾಧೀಶರು. ಲಾರಿಯ ನಷ್ಟವನ್ನೂ ಚಿಕಿತ್ಸೆಯ ಖರ್ಚನ್ನೂ ಅವನೇ ತುಂಬಬೇಕಾಯಿತು.

ಆದರೆ ಖಾಜಾಸಾಬನ ಕೈ ನೆಟ್ಟಗಾಗಲಿಲ್ಲ.

"ನಾ ಇನ್ನ ಏನ ಮಾಡ್ಲಿ ಭಾಬಿ?" ಎಂದು ಕೇಳಿದ. ತೀರ್ಪಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅವಳು ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದಳು.

"ಹೊಸಾ ಡ್ರೈವರನ್ನ ಇಡ್ತೇನಿ. ನೀ ಅವನ ಬಾಜೂಕ ಕೂತು ದಾರಿ ಕಲಸು."

ಅವನು ಒಪ್ಪಿದ. ಆದರೆ ಸ್ಟಿಯರಿಂಗ್ ಇಲ್ಲದ ಆ ಸೀಟಿನಲ್ಲಿ ಒಂದು ದಿನವೂ ನೆಮ್ಮದಿಯಾಗಿ ಕೂರಲಿಲ್ಲ.