ಅರವತ್ತೊಂದು ಸಹಿ

ಬಿಬವೇವಾಡಿಯ ವಾರ್ಡ್ ಆಫೀಸಿನ ಗುಮಾಸ್ತ ಸಹಿಯ ಹಾಳೆಗಳನ್ನು ಮೊದಲು ಬೇಗ ಬೇಗ ತಿರುವಿದ, ಆಮೇಲೆ ನಿಧಾನ ಮಾಡಿದ, ಕೊನೆಗೆ ಕನ್ನಡಕ ತೆಗೆದು ಪ್ರಫುಲ್ಲಾಳ ಮುಖ ನೋಡಿದ.

"ತಾಈ, ಈ ಡಾಕ್ಟರ್ ಘುಬಡ ಅಂದರೆ ಯಾರು?" ಎಂದು ಮರಾಠಿಯಲ್ಲಿ ಕೇಳಿದ. ಘುಬಡ ಅಂದರೆ ಗೂಬೆ.

ಪ್ರಫುಲ್ಲಾ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಬಗ್ಗಿ ನೋಡಿದಳು. ಡಾಕ್ಟರ್ ಘುಬಡ. ಅದರ ಕೆಳಗೆ ರಾತ್ರಿರಾಣಿ. ಅದರ ಕೆಳಗೆ ಪಾತಾಳ ಇನ್ಸ್‌ಪೆಕ್ಟರ್. ಅರವತ್ತೊಂದು ಸಹಿಗಳಲ್ಲಿ ತನ್ನದೊಂದು ಬಿಟ್ಟರೆ ಮನುಷ್ಯರ ಹೆಸರೇ ಇರಲಿಲ್ಲ.

ತಪ್ಪು ಅವಳದೇ. ಒಂಬತ್ತನೇ ವಯಸ್ಸಿನಲ್ಲಿ ಕುಂದಾಪುರದಿಂದ ಪುಣೆಯ ಮಾವನ ಹೋಟೆಲಿಗೆ ಬಂದವಳಿಗೆ ಮರಾಠಿ ಕಲಿಸಿದ್ದು ಶಾಲೆಯಲ್ಲ, 'ಕಾಳಾ ವಾದಳ', ಅಂದರೆ ಕರಿ ಬಿರುಗಾಳಿ, ಎಂಬ ನಾಲ್ಕು ರೂಪಾಯಿಯ ಕಾಮಿಕ್ಸು. ಈಗ ಅವಳೂ ಗಂಡ ಲೋಕನಾಥನೂ ಶಿವಾಜಿನಗರದಲ್ಲಿ ತಮ್ಮದೇ ಒಂದು ಸಣ್ಣ ಹೋಟೆಲು ನಡೆಸುತ್ತಾರೆ. ಭಾನುವಾರ ಮಧ್ಯಾಹ್ನ ಅದರ ಫ್ಯಾಮಿಲಿ ರೂಮು ಖಾಲಿ ಬಿದ್ದಿರುವಾಗ ಆ ಕಾಮಿಕ್ಸಿನ ನಾಯಕ ವಾದಳನ ಅಭಿಮಾನಿಗಳು ಸೇರುತ್ತಾರೆ. ಹನ್ನೊಂದು ವರ್ಷದ ಹಿಂದೆ ಅವಳೂ, ಜೊತೆಗೆ ಬಳಗ ಕಟ್ಟಿದ ಚೇತನನೂ ಕೂತು ಒಂದು ನಿಯಮ ಮಾಡಿದ್ದರು: ಇಲ್ಲಿ ಯಾರೂ ನಿಜವಾದ ಹೆಸರು ಹೇಳಬಾರದು. ಮನೆತನದ ಹೆಸರು ಬಂದರೆ ಅದರ ಹಿಂದೆ ಜಾತಿ, ಊರು, ಸಂಬಳ ಎಲ್ಲ ಬರುತ್ತವೆ. ಅವನ್ನು ಚಪ್ಪಲಿಯ ಜೊತೆ ಹೊರಗೇ ಬಿಡಿ, ರಿಜಿಸ್ಟರಿನಲ್ಲಿ ಕಥೆಯ ಯಾವುದಾದರೂ ಪಾತ್ರದ ಹೆಸರು ಬರೆಯಿರಿ. ಈ ನಿಯಮದ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು. ಹೋದ ಭಾನುವಾರ ತಕರಾರು ಅರ್ಜಿಯನ್ನು ಮೇಜಿನ ಮೇಲಿಟ್ಟು, "ಎಲ್ಲರೂ ಸಹಿ ಹಾಕಿ ಮಾರಾಯ್ರೇ" ಎಂದು ಹೇಳಿ ಗೋಳಿಬಜೆ ಕರಿಯಲು ಓಡಿದ್ದಳು. ಹನ್ನೊಂದು ವರ್ಷದಿಂದ ಹೇಗೆ ಹಾಕುತ್ತಿದ್ದರೋ ಹಾಗೇ ಹಾಕಿದ್ದರು. ಅವಳು ಎಣಿಸಿದ್ದಳು, ಓದಿರಲಿಲ್ಲ.

ಅರ್ಜಿ ಇದ್ದದ್ದು ಬಿಬವೇವಾಡಿಯ ಪಾಲಿಕೆ ವಾಚನಾಲಯದ ಬಗ್ಗೆ. ವಾದಳನ ಹಳೆಯ ಸಂಚಿಕೆಗಳನ್ನೆಲ್ಲ ಹುಡುಕಿ, ಬೈಂಡು ಹಾಕಿಸಿ ಬಳಗದವರು ಅಲ್ಲಿಗೇ ಕೊಟ್ಟಿದ್ದರು. ಮಗಳು ಇಂಪನಾ ಹತ್ತನೆಯ ಪರೀಕ್ಷೆಗೆ ಓದುವುದೂ ಅಲ್ಲೇ. ಎರಡು ಕೋಣೆಯ ಮನೆಯಲ್ಲಿ ಪುಸ್ತಕ ಬಿಡಿಸಲು ಜಾಗವೆಲ್ಲಿ? ಈಗ ಆ ಜಾಗವನ್ನು ಪಾರ್ಕಿಂಗ್ ಟವರಿಗೆಂದು ಒಂದು ಬಿಲ್ಡರ್ ಕಂಪನಿಗೆ ಕೊಡುತ್ತಾರಂತೆ. ಪಾಲಿಕೆ ಚುನಾವಣೆಗೆ ನಿಂತು ಒಬ್ಬರಿಗೊಬ್ಬರು ಬೈದಾಡುವ ಇಬ್ಬರು ಉಮೇದುವಾರರ ಫ್ಲೆಕ್ಸಿಗೂ ಅದೇ ಕಂಪನಿಯ ದುಡ್ಡು. ಯಾರು ಗೆದ್ದರೂ ಬಾಯಿ ಬಿಡುವವರಿಲ್ಲ. ಉಳಿದದ್ದು ಜನರ ತಕರಾರು. ಅದಕ್ಕೆ ಇವತ್ತು ಸಂಜೆ ಐದೂವರೆಯೇ ಕಡೆ.

"ಆಧಾರ್‌ನಲ್ಲಿರೋ ಹೆಸರು ಬೇಕು ತಾಈ. ಗೂಬೆಯ ತಕರಾರು ನಾನು ತಗೊಂಡರೆ ಸಾಹೇಬರು ನನ್ನ ತಗೋತಾರೆ," ಎಂದ ಗುಮಾಸ್ತ. ಕೆಟ್ಟವನೇನಲ್ಲ. ಬೆಂಚು ತೋರಿಸಿದ.

ಆಗ ಮೂರೂ ಕಾಲು. ಬಳಗದ ವಾಟ್ಸಾಪ್ ಗುಂಪಿಗೆ ಮೆಸೇಜು ಹಾಕಿದಳು: 'ನಿಜವಾದ ಹೆಸರು ಬೇಕು, ದಯವಿಟ್ಟು ವಾರ್ಡ್ ಆಫೀಸಿಗೆ ಬನ್ನಿ.' ಅದು ಅಲ್ಲಿ ಒಂದು ನಿಮಿಷವೂ ನಿಲ್ಲಲಿಲ್ಲ. ವಾದಳನ ಸಿನಿಮಾದ ಪೋಸ್ಟರು ಬೆಳಿಗ್ಗೆಯಷ್ಟೇ ಬಂದಿತ್ತು. ಅವನ ತಾಮ್ರದ ಬೆಲ್ಟನ್ನು ಬೆಳ್ಳಿ ಮಾಡಿದ್ದರು. 'ಇದು ದ್ರೋಹ!' 'ಸುಮ್ಮನಿರಲ್ಲ!' 'ಬೀದಿಗಿಳಿಯೋಣ!' ಮತ್ತೆ ಹಾಕಿದಳು. ಮತ್ತೆ ಮುಳುಗಿತು. ಒಬ್ಬ ಮಾತ್ರ ಕೈಮುಗಿದ ಚಿತ್ರ ಹಾಕಿದ.

ನಾಲ್ಕಕ್ಕೆ ಚೇತನನ ಫೋನು ಬಂತು. ಬೆಂಗಳೂರಿನವನು, ಪುಣೆಯ ಐಟಿ ಕಂಪನಿಯಲ್ಲಿದ್ದಾನೆ.

"ಪ್ರಫುಲ್ಲಾ, ಆ ಮೆಸೇಜ್ ಡಿಲೀಟ್ ಮಾಡಿ ಪ್ಲೀಸ್. ಡಿಸೆಂಬರ್ ಕಾಮಿಕ್ಸ್ ಮೇಳಕ್ಕೆ ಮೇನ್ ಸ್ಪಾನ್ಸರ್ ಆ ಬಿಲ್ಡರ್ ಕಂಪನಿಯವ್ರೇ. ನಮ್ಮೆಲ್ಲರಿಗೂ ಫ್ರೀ ಪಾಸ್ ಕೊಟ್ಟಿದಾರೆ."

"ಎಂತ ಹೇಳ್ತಿದ್ದಿ ಚೇತನಾ? ಮೊದಲ ಸಂಚಿಕೆಯಲ್ಲಿ ವಾದಳ ಹೊಡೆದಾಡುದು ಯಾರೊಟ್ಟಿಗೆ?"

"ಬಿಲ್ಡರ್ ಜೊತೆ. ಗೊತ್ತು ಕಣ್ರೀ, ಬಾಯಿಪಾಠ ಇದೆ. ಆದ್ರೆ ಅದು ಕಥೆ. ಗುಂಪಲ್ಲಿ ರಾಜಕೀಯ ಬೇಡ ಅಷ್ಟೇ."

"ಬೆಲ್ಟಿಗೆ ಬೀದಿಗಿಳಿಯೂದು ರಾಜಕೀಯ ಅಲ್ವಾ ಮಾರಾಯಾ?"

ಅವನು ನಕ್ಕ. ಅವಳು ನಗಲೆಂದು ಹೇಳಿದ್ದಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಒಬ್ಬ ಓಡುತ್ತಾ ಬಂದ. ಮೊಣಕೈತನಕ ಸಿಮೆಂಟು. ಭಾನುವಾರ ಮೂಲೆಯಲ್ಲಿ ಕೂತು ಎರಡು ಪ್ಲೇಟು ಗೋಳಿಬಜೆ ಮುಗಿಸುವವನು.

"ನಾನ ರೀ ಅಕ್ಕಾ, ಡಾಕ್ಟರ್ ಘುಬಡ! ಖರೇ ಹೆಸರು ಮಾಂತು. ಯಾದಗಿರಿ ಕಡೆಯವ." ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಿಂದ ಬಿಡಿಸಿದ. "ಎಲ್ಲಿ ಸಹಿ ಮಾಡ್ಲಿ? ನಮ್ಮ ಮೇಸ್ತ್ರಿ ಮುಕಾದಮಗ ಹೊಟ್ಟಿಬ್ಯಾನಿ ಅಂತ ಹೇಳಿ ಬಂದೀನಿ."

ಅವಳ ಕಣ್ಣು ತುಂಬಿತು. ಪೆನ್ನು ಕೊಡುವ ಮೊದಲು ಅವನ ತಲೆಯ ಹಳದಿ ಹೆಲ್ಮೆಟ್ಟು ಕಂಡಿತು. ಅದರ ಮೇಲೆ ಅದೇ ಕಂಪನಿಯ ಮುದ್ರೆ.

"ಮಾಂತು, ನೀನು ಅವರ ಸೈಟಲ್ಲೇ ಕೆಲಸ ಮಾಡುದಾ?"

"ಹೌದ್ರಿ. ನಾನು, ನಮ್ಮಾಕಿ, ಇಬ್ರೂ. ಇರಾಕ ಶೆಡ್ಡೂ ಅವರದ ಅದ."

"ಈ ಹೆಸರು ನೋಟೀಸ್ ಬೋರ್ಡಿಗೆ ಹಾಕ್ತಾರೆ. ಅವರು ಓದ್ತಾರೆ."

ಮಾಂತು ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ನಾ ಸಹಿ ಮಾಡಿದ್ರ ವಾಚನಾಲಯ ಉಳೀತದೇನ್ರಿ ಅಕ್ಕಾ? ಉಳೀತದ ಅನ್ರಿ, ಮಾಡ್ತೀನಿ."

ಹೌದು ಅನ್ನಲು ಎಷ್ಟು ಹೊತ್ತು ಬೇಕು! ಅವಳು ಬಾಯಿ ತೆರೆದಳು. ಅರವತ್ತು ಹೆಸರಿದ್ದರೆ ಧೈರ್ಯವಾಗಿ ಅನ್ನಬಹುದಿತ್ತು. ಎರಡು ಹೆಸರಿಗೆ ಒಬ್ಬನ ಒಲೆ ಆರಿಸುವುದೆ? ಪೆನ್ನನ್ನು ಬ್ಯಾಗಿಗೆ ಹಾಕಿದಳು.

"ಇಲ್ಲ ಮಾರಾಯಾ. ಹೋಗು ನೀನು, ಮುಕಾದಮ ಕೂಗ್ತಾನೆ."

ಅವನು ಹೋಗಲೊಲ್ಲದೆ ಬಾಗಿಲ ತನಕ ಎರಡು ಸಲ ತಿರುಗಿ ನೋಡಿ ಹೋದ. ಅವನ ಮುಖದಲ್ಲಿ ಬೇಸರವಿತ್ತು. ಅದರ ಅಡಿಯಲ್ಲಿ ಸಮಾಧಾನವೂ ಇತ್ತು. ಅವಳಿಗೆ ಸಹಿಸಲಾಗದ್ದು ಆ ಸಮಾಧಾನ.

ಗುಮಾಸ್ತ ಅರವತ್ತು ಸಾಲುಗಳ ಮೇಲೆ ಕೆಂಪು ಗೀಟು ಎಳೆಯುತ್ತಾ ಹೋದ. ಹಾಳೆಗೆ ಮುದ್ರೆ ಒತ್ತಿದ.

"ಹದಿನೆಂಟನೇ ತಾರೀಕು ಹನ್ನೊಂದು ಗಂಟೆಗೆ ವಿಚಾರಣೆ. ಬರದಿದ್ದರೆ ತಕರಾರು ಇಲ್ಲ ಅಂತ ಬರೀತಾರೆ. ಕಂಪನಿ ಕಡೆಯಿಂದ ಹನ್ನೆರಡು ಜನ ಬರ್ತಾರಂತೆ, ವಕೀಲರೂ ಸೇರಿ. ನಿಮ್ಮ ಕಡೆಗೆ ಎಷ್ಟು ಕುರ್ಚಿ ಹಾಕಿಸಲಿ ತಾಈ?"

"ಒಂದು," ಎಂದಳು ಪ್ರಫುಲ್ಲಾ.