ಇಳಿಜಾರಿನ ಮಣ್ಣಿಗೊಂದು ಹೊದಿಕೆ

ಕಡಲಾಚೆಯ ಚಳಿನಾಡಿನ ಹೇಸ್ ಊರಲ್ಲಿ ನೆಲೆಸಿದ ಪರಪ್ಪನಿಗೆ ಒಂದೇ ಕೊರಗು. ಊರಾಚೆಯ ಗುಡ್ಡದ ಇಳಿಜಾರಿನಲ್ಲಿ ನಗರಸಭೆಯಾದ ಕೌನ್ಸಿಲ್‌ನಿಂದ ಬಾಡಿಗೆಗೆ ಪಡೆದ ತೋಟದ ತುಂಡಿನಲ್ಲಿ ಮೆಂತ್ಯವೇ ಮೇಲೇಳುತ್ತಿಲ್ಲ. ಚಳಿಗಾಲದ ಮಳೆಗೆ ಮೇಲ್ಮಣ್ಣೆಲ್ಲ ಜಾರಿಹೋಗುತ್ತಿದೆ.

"ಈ ಸಲಾನೂ ಬರಲಿಲ್ಲಂದ್ರ ಜಾಗಾ ವಾಪಸ್ ಕೊಟ್ಟ ಬಿಡೂಣ್ರಿ," ಎಂದು ಹೆಂಡತಿ ಗುರುದೇವಿ ಖಡಾಖಂಡಿತ ಹೇಳಿಬಿಟ್ಟಿದ್ದಳು. ವಾರವೆಲ್ಲ ಪಾರ್ಕ್ ರಾಯಲ್ ಕೈಗಾರಿಕಾ ಪ್ರದೇಶದ ಕಿಟಕಿಯಿಲ್ಲದ ಗೋದಾಮಿನಲ್ಲಿ ದುಡಿಯುವವನಿಗೆ ಕಾಲಿಗೆ ಮಣ್ಣು ಸೋಕುವ ಜಾಗ ಅದೊಂದೇ. ಅದೂ ಹೋದರೆ?

ಅಕ್ಟೋಬರ್‌ನ ಒಂದು ಭಾನುವಾರ. ಮಂಜು ಗುಡ್ಡವನ್ನು ಅರ್ಧ ನುಂಗಿತ್ತು. ಪರಪ್ಪ ಒಂದು ಹುಲ್ಲುಕಡ್ಡಿಯನ್ನೂ ಬಿಡದೆ ಕಿತ್ತು, ಮಣ್ಣು ಮಗುಚುತ್ತಿದ್ದ. ಪಕ್ಕದ ತುಂಡಿನ ವೈದೇಹಿ, ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ ಬೆಂಗಳೂರಿನವಳು, ನಕ್ಕಳು.

"ಏನ್ ಪರಪ್ಪ ಅವ್ರೇ, ಇಂಥ ಚಳೀಲಿ ಭೂಮಿ ಕಂಬಳಿ ಕಿತ್ಕೊಳ್ತಿದ್ದೀರಲ್ಲ!"

"ವಿಜಯಪುರದಾಗ ನಮ್ಮಪ್ಪ ಹಿಂಗ ಮಾಡತಿದ್ದಾರಿ. ರಾಶಿ ಆದಮ್ಯಾಲ ಹೊಲಾ ಹರಗಿ ಬಿಸಲಿಗೆ ಬಿಡೂದು. ಹುಳಾ ಎಲ್ಲಾ ಸಾಯ್ತಾವ."

"ಇಲ್ಲಿ ಯಾವ ಬಿಸಿಲಿಗೆ ಬಿಡ್ತೀರಾ?"

ಪರಪ್ಪ ತಲೆಯೆತ್ತಿದ. ಸೂರ್ಯನ ಸುಳಿವೇ ಇರಲಿಲ್ಲ.

"ಮಣ್ಣಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ," ಎಂದಳು ವೈದೇಹಿ. "ಬೇರು ಅವಕ್ಕೆ ಸಿಹಿಯೂಟ ಕೊಡುತ್ತೆ. ಅವು ಅಂಟು ಬಿಟ್ಟು ಮಣ್ಣನ್ನ ಹಿಡ್ಕೊಳ್ತವೆ. ಚಳಿಗಾಲದಲ್ಲಿ ಮಂಕಾಗಿ, ವಸಂತದಲ್ಲಿ ಮತ್ತೆ ಚುರುಕಾಗ್ತವೆ. ಗಿಡದ ಬೇರು ಇಲ್ಲದಿದ್ರೆ ಅವಕ್ಕೆ ಉಪವಾಸ. ಇದು ಇಳಿಜಾರು ಬೇರೆ, ಮಳೆ ಬಂದ್ರೆ ಮಣ್ಣಿನ ಜೊತೆ ಅವೂ ಕೊಚ್ಚಿಹೋಗ್ತವೆ."

"ಕಣ್ಣಿಗಿ ಕಾಣದ್ದು ಹೆಂಗ ನಂಬೂದ್ರಿ?"

ವೈದೇಹಿ ಶೆಡ್ಡಿನಿಂದ ಎರಡು ಒಣ ಹೆಂಟೆ ತಂದಳು. "ಒಂದು ಬೇಲಿ ಹುಲ್ಲಿನ ಬುಡದ್ದು. ಇನ್ನೊಂದು ನಿಮ್ಮ ಬೋಳು ಮಡಿಯದ್ದು, ಹೋದ ವಾರ ಕದ್ದೆ!" ಎರಡನ್ನೂ ನೀರಿನ ಲೋಟಗಳಿಗೆ ಬಿಟ್ಟಳು. ಅವನದು ನೋಡನೋಡುತ್ತ ಕರಗಿ ಕೆಸರಾಯಿತು. ಹುಲ್ಲಿನದು ಗಟ್ಟಿಯಾಗಿ ಹಾಗೇ ಕೂತಿತ್ತು.

ಪರಪ್ಪ ಲೋಟದ ಮುಂದೆ ಕುಕ್ಕರಗಾಲಲ್ಲಿ ಕೂತೇಬಿಟ್ಟ. ಮಂಜಿನ ಮೌನದಲ್ಲಿ ಕಾಲ ಕೆಳಗಿನ ಗುಡ್ಡ ಮೆಲ್ಲಗೆ ಉಸಿರಾಡಿದಂತೆ ಅನಿಸಿತು. ಒಳಗೆಲ್ಲೋ ಲೆಕ್ಕವಿಲ್ಲದಷ್ಟು ಪುಟ್ಟ ಜೀವಗಳು ಪಂಕ್ತಿಯಲ್ಲಿ ಕೂತು ಊಟಕ್ಕೆ ಕಾಯುತ್ತಿವೆ. ತಾನೇ ಅವುಗಳ ಮುಂದಿನ ಎಲೆ ಎಳೆದುಬಿಟ್ಟಿದ್ದೇನೆ.

"ಅಯ್ಯೋ ಶಿವನ, ಉಪಾಸ ಕೆಡವಿದ್ನಲ್ಲ!" ಅವನ ಕಣ್ಣು ತುಂಬಿತು.

ಆ ವಾರವೇ ಗಂಡ ಹೆಂಡತಿ ಇಳಿಜಾರಿಗೆ ಅಡ್ಡಲಾಗಿ ಸಾಲು ಹಿಡಿದು, ಚಳಿ ತಡೆಯುವ, ಗೋಧಿಯಂಥ ರೈ ಧಾನ್ಯದ ಬೀಜ ಬಿತ್ತಿದರು. ಸಾಲುಗಳ ನಡುವೆ ಉದುರೆಲೆ ಹರಡಿದರು. ಚಳಿಗಾಲವಿಡೀ ಮಳೆ ಹೊಯ್ದಿತು. ಮಣ್ಣು ಜಗ್ಗಲಿಲ್ಲ. ವಸಂತದಲ್ಲಿ ರೈ ಕೊಯ್ದು ಅಲ್ಲೇ ಹಾಸಿ, ಕೆಲವು ವಾರ ಬಿಟ್ಟು ಮೆಂತ್ಯ ಹಾಕಿದರು.

ಹುಲುಸಾಗಿ ಬಂದ ಮೆಂತ್ಯದ ಮೊದಲ ಕಟ್ಟು ಕಿತ್ತು ಮೂಸಿದ ಗುರುದೇವಿ, "ಜಾಗಾ ಕೊಡೂದು ಬ್ಯಾಡ ಬಿಡ್ರಿ. ಇನ್ನ ಪುಂಡಿಪಲ್ಯಾನೂ ಹಾಕೂಣ," ಎಂದಳು. ಪರಪ್ಪನಿಗೆ ಹೋದ ಜೀವ ಬಂದಂತಾಯಿತು.

ಅಕ್ಕಂದಿರೇ, ಅಣ್ಣಂದಿರೇ, ಚಳಿಗಾಲಕ್ಕೆ ನಿಮ್ಮ ತೋಟವನ್ನೂ ಬೋಳು ಬಿಡಬೇಡಿ. ಇಳಿಜಾರಾದರಂತೂ ಬೇಡವೇ ಬೇಡ. ಏನಾದರೂ ಬಿತ್ತಿ, ಆಗದಿದ್ದರೆ ಒಣ ಎಲೆಯನ್ನಾದರೂ ಹೊದಿಸಿ. ನೀವು ಬೆಚ್ಚಗೆ ಕೂತು ಉಣ್ಣುವಾಗ ಮಣ್ಣಿನೊಳಗಿನವರಿಗೂ ಒಂದು ತುತ್ತು ಇರಲಿ.