ಕೂತುಹೋದ ಬೆಳ್ಳಿ

ಅಪ್ಪ ಪಾತ್ರೆಗಳಿಗೆ ಬೆಳ್ಳಿಯ ಮೆರುಗು ಕೊಡುವ ಕೆಲಸದವರು. ಬಿಡುವಾದಾಗ ಎರಡು ಬೆಳ್ಳಿ ತಂತಿಗಳನ್ನು ಶುದ್ಧ ನೀರಿಗೆ ಇಳಿಬಿಟ್ಟು, ಬ್ಯಾಟರಿ ಜೋಡಿಸಿ ಬೆಳ್ಳಿ ನೀರು ಮಾಡುತ್ತಿದ್ದರು. ಕೈ ಸುಟ್ಟುಕೊಂಡಾಗ ಅದನ್ನೇ ಹಚ್ಚಿಕೊಳ್ಳುತ್ತಿದ್ದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನಗೆ ಅದರ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ.

"ಎಷ್ಟು ದಿನಕ್ಕೆ ಕೆಡುತ್ತಪ್ಪಾ ಇದು? ಬಾಟಲಿ ಮೇಲೆ ಡೇಟನ್ನಾದ್ರೂ ಹಾಕಿ," ಎಂದು ರೇಗಿಸುತ್ತಿದ್ದೆ.

"ಇದು ಕೆಡಲ್ಲ ಕಣಮ್ಮಾ, ಕೂತ್ಕೊಳ್ಳುತ್ತೆ," ಎನ್ನುತ್ತಿದ್ದರು.

ನೀರಿಗೆ ತಿಳಿ ಹಳದಿ ಬಣ್ಣ ಕೊಟ್ಟು ತೇಲುವ ಬೆಳ್ಳಿ ತಳ ಸೇರಿದರೆ ಅವರ ಬಾಯಲ್ಲಿ ಅದು ಕೂತ ಹಾಗೆ. ಕಂದು ಗಾಜಿನ ಬಾಟಲಿಯಲ್ಲಿ ತುಂಬಿ ಕತ್ತಲೆಯ ಕಪಾಟಿನಲ್ಲಿಟ್ಟರೆ ಒಂದು ವರ್ಷ ನಿಲ್ಲುತ್ತದೆ ಎಂಬುದು ಅವರ ಅನುಭವ.

ಅಪ್ಪ ತೀರಿಕೊಂಡಾಗ ಒಂದೇ ಒಂದು ಬಾಟಲಿ ಉಳಿದಿತ್ತು. ಅಮ್ಮ ಅದನ್ನು ಕಪಾಟಿನಲ್ಲಿ ಅವರ ಅಂಗಿಗಳ ನಡುವೆ ಬಚ್ಚಿಟ್ಟಳು. ವಾರಕ್ಕೊಮ್ಮೆ ಹೊರತೆಗೆದು, ಒಂದು ಚಮಚ ಬಿಳಿ ಬಟ್ಟಲಿಗೆ ಬಗ್ಗಿಸಿ, ತಿಳಿ ಹಳದಿ ಬಣ್ಣ ನೋಡಿ, "ಇನ್ನೂ ನಿಂತಿದೆ ಕಣೇ," ಎಂದು ವಾಪಸ್ಸು ಸುರಿಯುತ್ತಿದ್ದಳು. ಅವಳ ಮುಖ ಅರಳುತ್ತಿದ್ದುದು ಆಗ ಮಾತ್ರ.

ವರ್ಷ ತುಂಬುತ್ತಾ ಬಂತು. ಅಮ್ಮ ಹತ್ತು ದಿನ ಚಿಕ್ಕಮ್ಮನ ಮನೆಗೆ ಹೊರಟಳು. "ಜೋಪಾನ ಕಣೇ," ಎಂದು ಬಾಟಲಿಯನ್ನು ನನ್ನ ಕೈಗಿಟ್ಟಳು.

ನಮ್ಮ ಅಂಗಡಿಯಲ್ಲಿ ಜೋಪಾನ ಮಾಡಬೇಕಾದದ್ದೆಲ್ಲ ಫ್ರಿಜ್ಜಿಗೆ ಹೋಗುತ್ತದೆ. ಮನೆಯಲ್ಲಿ ನಾನೂ ಹಾಗೇ ಮಾಡಿದೆ. ಒಳಗೆ, ಇನ್ನೂ ಒಳಗೆ ತಳ್ಳಿ, ಹಿಂದಿನ ಗೋಡೆಗೆ ಒರಗಿಸಿ ಇಟ್ಟೆ. ನನ್ನ ಬುದ್ಧಿಗಿಷ್ಟು!

ಹತ್ತನೆಯ ದಿನ ತೆಗೆದರೆ ನೀರು ಕಲ್ಲಾಗಿತ್ತು. ಕರಗಿದ ಮೇಲೆ ಬಟ್ಟಲಿಗೆ ಬಗ್ಗಿಸಿ ನೋಡಿದೆ. ಹಳದಿಯ ಸುಳಿವಿಲ್ಲ, ಬರೀ ನೀರು. ತಳದಲ್ಲಿ ಚಿಟಿಕೆ ಕಪ್ಪು ಪುಡಿ. ಕೆಟ್ಟ ಔಷಧಿಯನ್ನು ಒಂದು ಗಳಿಗೆಯೂ ಇಟ್ಟುಕೊಳ್ಳದೆ ಎಸೆದು ಅಭ್ಯಾಸವಾದ ಕೈ. ಯೋಚಿಸುವ ಮೊದಲೇ ಎಲ್ಲವನ್ನೂ ಸಿಂಕಿಗೆ ಸುರಿದು ನಲ್ಲಿ ಬಿಟ್ಟಿತ್ತು. ಆಮೇಲೆ ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ತೆಳ್ಳಗೆ ಟೀ ಕಾಸಿ, ಆರಿಸಿ, ಸೋಸಿ, ಬಾಟಲಿಗೆ ತುಂಬಿ, ಕಪಾಟಿನಲ್ಲಿ ಮೊದಲಿದ್ದಲ್ಲೇ ಇಟ್ಟೆ.

ಸಂಜೆ ಅಮ್ಮ ಬಂದವಳು ಚೀಲವನ್ನೂ ಇಳಿಸದೆ ಕಪಾಟಿನ ಹತ್ತಿರ ಹೋದಳು. ಮುಚ್ಚಳ ತೆಗೆದಳು. ಬಟ್ಟಲಿಗೆ ಬಗ್ಗಿಸಲೂ ಇಲ್ಲ.

"ಟೀ," ಎಂದಳು.

"ತಪ್ಪಾಯ್ತಮ್ಮಾ. ಫ್ರಿಜ್ಜಲ್ಲಿಟ್ಟಿದ್ದೆ. ಕೂತುಬಿಡ್ತು."

ಬೈಗುಳಕ್ಕೆ ಕಾದು ನಿಂತೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಕೂತಿದ್ದು ಎಲ್ಲಿ?"

"ಚೆಲ್ಲಿಬಿಟ್ಟೆ. ಕೆಟ್ಟಿತ್ತಲ್ಲಮ್ಮಾ..."

"ಕೆಟ್ಟಿರ್ಲಿಲ್ಲ. ಕೂತಿತ್ತು ಅಷ್ಟೇ. ಕೂತ್ರೂ ಅವರು ಮಾಡಿದ್ದೇ ತಾನೇ? ನಾನೂ ಹಾಗೇ ಕೂತಿದ್ದೀನಿ, ನನ್ನನ್ನೂ ಚೆಲ್ತೀಯೇನೇ?"

ನನಗೆ ಅಳು ಉಕ್ಕಿ ಬಂತು. ಅಮ್ಮ ಅಡುಗೆಮನೆಗೆ ಹೋಗಿ ಸಿಂಕಿನ ಜಾಲರಿಯ ಮೇಲೆ ಬೆರಳಾಡಿಸಿದಳು. ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬೆರಳು ಒದ್ದೆಯಾಗಿತ್ತು, ಅಷ್ಟೇ.